ಬಿಲ್ಡ್ ಮುಗಿಯುವವರೆಗೆ

ಜನವರಿ ೧೧

ಗುಬ್ಬೀ,

ಇದ್ದಕ್ಕಿದ್ದಂತೆ ಅಕ್ಕ ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬಿಲ್ಡ್ ಹಾಕಿದ್ದೇನೆ, ಬರೆದ ಪ್ರೋಗ್ರಾಮನ್ನೆಲ್ಲ ಕಂಪ್ಯೂಟರ್ ಕೂತು ಜೋಡಿಸುತ್ತಿದೆ, ಅಷ್ಟೇ. ಅದು ಮುಗಿಯುವವರೆಗೆ ಈ ಕಂಪ್ಯೂಟರಿನಲ್ಲಿ ಇನ್ನೇನೂ ಮಾಡುವಂತಿಲ್ಲ. ಮೇಲ್ ತೆರೆದರೂ ಸಾಕು, ಎರಡಕ್ಕೂ ಉಸಿರು ಕಟ್ಟುತ್ತದೆ. ಫೋನ್ ಮಾಡೋಣವೆಂದರೆ ಹೋದ ಸಲ ಆಡಿದ ಜಗಳ ಇನ್ನೂ ಕಿವಿಯಲ್ಲೇ ಇದೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಆದ್ದರಿಂದ ಪೆನ್ನು ಹಿಡಿದೆ.

ನಮ್ಮ ಮನೆಯ ಕಥೆ ನಿನಗೆ ಗೊತ್ತಲ್ಲ. ಇರುವುದು ಒಂದೇ ಕಂಪ್ಯೂಟರ್. ನಿಮ್ಮ ಭಾವನ ಕಟ್ಟಡದ ನಕ್ಷೆಗಳಿಗೆ ಒಂದು ಆಪರೇಟಿಂಗ್ ಸಿಸ್ಟಮ್ ಬೇಕು, ನಮ್ಮ ಕಾಲುಚೀಲದ ಕೆಲಸಕ್ಕೆ ಇನ್ನೊಂದು. ಅವರದು ಯಜಮಾನನ ಹಾಗೆ ಇಡೀ ಯಂತ್ರದಲ್ಲಿ ಕಾಲು ಚಾಚಿ ಕೂತಿದೆ. ಅದರ ಹೊಟ್ಟೆಯೊಳಗೆ ನನ್ನದೊಂದು ವರ್ಚುವಲ್ ಮಷೀನ್. ಕಂಪ್ಯೂಟರಿನೊಳಗೆ ಕಂಪ್ಯೂಟರಿನಂತೆ ನಟಿಸುವ ಇನ್ನೊಂದು. ನಾನು ಅದನ್ನು ಒಳಯಂತ್ರ ಎನ್ನುತ್ತೇನೆ. ಒಂದು ಫೈಲು ಬೇಕೆಂದರೆ ಅದು ಹೊರಗಿನದನ್ನು ಕೇಳಬೇಕು, ಹೊರಗಿನದಕ್ಕೆ ಮನಸ್ಸು ಬಂದಾಗ ಕೊಡಬೇಕು. ನಮ್ಮ ಬಿಲ್ಡ್‌ಗೆ ಎಷ್ಟು ಸಾವಿರ ಫೈಲು ಬೇಕು, ನೀನೇ ಹೇಳು.

ಅಲ್ಲಿ ಮೇಷ್ಟ್ರ ಅಂಗಡಿಯಲ್ಲಿ ನೀನು ನನ್ನ ಕುರ್ಚಿಯಲ್ಲಿ, ನನ್ನ ಕಿಟಕಿಯ ಪಕ್ಕ, ನಾನೇ ಆರಿಸಿ ತರಿಸಿದ ಯಂತ್ರದ ಮುಂದೆ ಕೂತಿದ್ದೀಯ. ಸಿಸ್ಟಮ್ ನೇರವಾಗಿ ಯಂತ್ರದ ಮೇಲೇ ಇದೆ, ನಡುವೆ ಯಾರ ಕಾಟವೂ ಇಲ್ಲ. ಅದು ಬಂದ ವಾರವೇ ನಿಮ್ಮ ಭಾವನಿಗೆ ವರ್ಗವಾಯಿತು. ಡಬ್ಬಿ ಬಿಚ್ಚಿದವಳು ನಾನು, ಎಲ್ಲ ಹಾಕಿ ಸರಿಮಾಡಿದವಳು ನಾನು, ಕೂತವಳು ನೀನು. ‘ಹೊಟ್ಟೆಕಿಚ್ಚಾ ಅಕ್ಕಾ?’ ಎಂದು ನಗುತ್ತೀಯ. ಹೌದು ಕಣೇ. ಬೇರೆಯವರಾಗಿದ್ದರೆ ಸುತ್ತಿ ಬಳಸಿ ಹೇಳುತ್ತಿದ್ದೆ.

ಗಿರಾಕಿಗಳು ಈಗಲೂ ಬೆಕ್ಕಿನ ಫೋಟೋ ತರುತ್ತಾರಾ? ಬೆಂಚಿನ ಮೇಲೆ ಕೂತು, ಒಳಗೆ ಹೆಣಿಗೆಯ ಯಂತ್ರ ಅವರ ಬೆಕ್ಕನ್ನು ಕಾಲುಚೀಲದ ಮೇಲೆ ಹೆಣೆಯುವುದನ್ನು ಗಾಜಿನಿಂದ ನೋಡುತ್ತಾರಾ? ಯಾವ ಬಣ್ಣದ ನೂಲು ಯಾವಾಗ ಬರಬೇಕು ಎಂದು ದಾರಿ ಹುಡುಕುವ ಪ್ರೋಗ್ರಾಮಿನ ಭಾಗ ಇದೆಯಲ್ಲ, ಅದೊಂದು ಅಲ್ಲಿ ಇನ್ನೂ ನನ್ನದು. ಕುರ್ಚಿ ಹೋಯಿತು, ಕಿಟಕಿ ಹೋಯಿತು. ನೂಲಿನ ದಾರಿ ಇರುವವರೆಗೆ ನಾನೂ ಅಲ್ಲಿದ್ದೇನೆ ಅಂದುಕೊಂಡಿದ್ದೇನೆ.

ಅಗೋ, ಮುಗಿಯಿತು. ತಪ್ಪು ತೋರಿಸುತ್ತಿದೆ. ಮತ್ತೆ ಹಾಕಬೇಕು.

ಒಳಯಂತ್ರದ ಒಡತಿ,
ಅಕ್ಕ


ಜನವರಿ ೧೯

ಅಕ್ಕಾ,

ಕಾಗದ ಸಿಕ್ಕಿತು. ಎಷ್ಟುದ್ದ! ನಾನೂ ನಿನ್ನ ಹಾಗೆ ಬಿಲ್ಡ್ ಹಾಕಿ ಬರೆಯಲು ಕೂತೆ. ‘ಅಕ್ಕಾ’ ಎಂದು ಬರೆದು ತಲೆಯೆತ್ತುವಷ್ಟರಲ್ಲಿ ಮುಗಿದೇ ಹೋಗಿತ್ತು. ಏನು ಮಾಡಲಿ?

ಒಂದು ವಿಷಯ. ನೂಲಿನ ದಾರಿಯನ್ನು ನಾನು ಹೊಸದಾಗಿ ಬರೆದು ನೋಡಿದೆ, ಸುಮ್ಮನೆ ಕುತೂಹಲಕ್ಕೆ. ನಿನ್ನದಕ್ಕಿಂತ ಅರ್ಧ ಹೊತ್ತಿನಲ್ಲಿ ಹುಡುಕುತ್ತದೆ. ಮೇಷ್ಟ್ರಿಗೆ ತೋರಿಸಿದೆ. "ನಿಮ್ಮಕ್ಕನಿಗೆ ಒಂದ್ ಮಾತು ಹೇಳಮ್ಮ, ಆಮೇಲೆ ಹಾಕೋಣ" ಅಂದರು. ಹೇಳಿದ್ದೇನೆ.

ಭಾವನನ್ನು ಕೇಳಿದೆ ಎಂದು ಹೇಳು.

ಗುಬ್ಬಿ


ಜನವರಿ ೨೮

ಗುಬ್ಬೀ,

ಸುಮ್ಮನೆ ಕುತೂಹಲಕ್ಕಂತೆ! ಯಾರ ಹತ್ತಿರ ಈ ಆಟ? ಚಿಕ್ಕವಳಿದ್ದಾಗ ನನ್ನ ಬಣ್ಣದ ಪೆನ್ಸಿಲ್‌ಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುವಾಗಲೂ ಹೀಗೇ ಅನ್ನುತ್ತಿದ್ದೆ. "ಸುಮ್ನೆ ನೋಡ್ತೀನಿ ಅಕ್ಕಾ, ಕೊಡ್ತೀನಿ." ಒಂದೂ ವಾಪಸ್ಸು ಬರಲಿಲ್ಲ.

ಆ ಕೆಲಸಕ್ಕೆ ನಿನ್ನನ್ನು ಸೇರಿಸಿದ್ದು ನಾನು. ಮೇಷ್ಟ್ರ ಎದುರಿಗೆ ‘ನನಗಿಂತ ಚುರುಕು’ ಎಂದು ಬಾಯಿತುಂಬ ಹೊಗಳಿದ್ದೂ ನಾನೇ. ಆ ಮಾತನ್ನು ಇಷ್ಟು ಬೇಗ ನಿಜ ಮಾಡಿ ತೋರಿಸು ಎಂದು ಕೇಳಿರಲಿಲ್ಲ.

ನಿನ್ನ ಆ ಯಂತ್ರದ ಮೇಲೆ ಕೂತರೆ ಯಾರು ಬೇಕಾದರೂ ಕುದುರೆ ಸವಾರಿ ಮಾಡಬಹುದು. ಬಿಲ್ಡ್ ಹಾಕು, ನೋಡು, ತಿದ್ದು, ಮತ್ತೆ ಹಾಕು. ನೀನು ಒಂದು ಬೆಳಗ್ಗೆ ಮಾಡುವಷ್ಟು ತಪ್ಪುಗಳನ್ನು ಮಾಡಿ ತಿದ್ದಿಕೊಳ್ಳಲು ನನಗೆ ಒಂದು ವಾರ ಬೇಕು. ಇದು ಜಾಣತನವಾ, ಅನುಕೂಲವಾ?

ಇರಲಿ. ನಾನೂ ಕೈಕಟ್ಟಿ ಕೂತಿಲ್ಲ. ಇಡೀ ವಾರ ಕೂತು ನನ್ನ ದಾರಿಯನ್ನು ತಿದ್ದಿದೆ. ಇವತ್ತು ಬೆಳಗ್ಗೆ ನಿಮ್ಮ ಭಾವ ಎಂದಿನಂತೆ ಯಾವುದೋ ಕಟ್ಟಡದ ನಕ್ಷೆಯನ್ನು ಚಿತ್ರವಾಗಿ ಬಿಡಿಸಲು ಕಂಪ್ಯೂಟರಿಗೆ ಹಾಕಿ ಕೆಲಸಕ್ಕೆ ಹೋದರು. ಫ್ಯಾನು ಹೋ ಎಂದು ಕೂಗುತ್ತಿತ್ತು. ಆ ಗದ್ದಲದಲ್ಲೇ ನನ್ನದನ್ನು ಒಳಯಂತ್ರದಲ್ಲಿ ಓಡಿಸಿ ಹೊತ್ತು ಅಳೆದೆ. ನೀನು ಹೇಳಿದ ಅರ್ಧ ಹೊತ್ತಿಗಿಂತಲೂ ಬೇಗ! ನಂಬದೆ ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲವೂ ನಿನಗಿಂತ ಮುಂದೆ. ಹೆಗಲ ಮೇಲೆ ಗಂಡನ ಮೂಟೆ ಹೊತ್ತುಕೊಂಡೇ ನಿನ್ನನ್ನು ಹಿಂದೆ ಹಾಕಿದೆ ಕಣೇ.

ಅಂಕಿಗಳನ್ನು ಮೇಷ್ಟ್ರಿಗೆ ಕಳಿಸಿದ್ದೇನೆ. ನಿನಗೆ ಒಂದು ಮಾತು ಹೇಳಬೇಕಲ್ಲ, ಹೇಳಿದ್ದೇನೆ.

ಇನ್ನೂ ಇದ್ದಲ್ಲೇ ಇರುವ
ಅಕ್ಕ


ಫೆಬ್ರವರಿ ೧೪

ಅಕ್ಕಾ,

ಗೆದ್ದೆ. ಮೇಷ್ಟ್ರು ನಿನ್ನದನ್ನೇ ಹಾಕಿದರು. ನನ್ನದನ್ನು ಬದಿಗಿಟ್ಟಿದ್ದಾರೆ. ಹೊಸ ದಾರಿಯಲ್ಲಿ ಹೆಣೆದ ಮೊದಲ ಜೋಡಿ ಮಾರಾಟಕ್ಕಿಲ್ಲ, ಬರೆದವರಿಗೆ ಎನ್ನುವ ಇಲ್ಲಿನ ಪದ್ಧತಿ ಇನ್ನೂ ಇದೆ. ನೀಲಿಯ ಮೇಲೆ ಬಿಳಿ ಬೆಕ್ಕು. ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ.

ಈ ಸಲ ಕಾಗದ ಉದ್ದವಾಗುತ್ತದೆ, ಕಾರಣ ಕೇಳು. ನಿನ್ನ ಅಂಕಿ ನನ್ನ ಯಂತ್ರದಲ್ಲಿ ಬರಲೇ ಇಲ್ಲ. ಇಲ್ಲಿ ನಿನ್ನದು ನನ್ನದಕ್ಕಿಂತ ನಿಧಾನವಾಗಿಯೇ ಓಡಿತು. ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಯೋಚಿಸಿದರು. "ನಿನ್ ಯಂತ್ರದಲ್ಲೇ ಏನೋ ಎಡವಟ್ಟಿರ್ಬೇಕು. ಒಳಯಂತ್ರ ನಿಧಾನ ಅಂತ ನಾನು ಇಷ್ಟು ದಿನ ಬೇಡ ಅಂತಿದ್ದೆ. ಅವಳು ಅದ್ರಲ್ಲೇ ಇಷ್ಟು ಬೇಗ ಓಡ್ಸಿದಾಳೆ ಅಂದ್ಮೇಲೆ ಇನ್ನೇನು? ಅವಳದ್ದನ್ನೇ ಇದ್ದ ಹಾಗೆ ನಕಲು ಮಾಡ್ಕೊಂಡು ಎಲ್ಲಾ ಕಡೆ ಹಾಕ್ಬಿಡೋಣ. ಎಲ್ಲರದ್ದೂ ಒಂದೇ ಥರ ಇರುತ್ತೆ, ಕೆಟ್ಟರೆ ಇನ್ನೊಂದು ಪ್ರತಿ ಇಟ್ರಾಯ್ತು" ಅಂದರು.

ಹೋದ ವಾರ ನಿನ್ನಿಂದ ಪ್ರತಿ ತರಿಸಿಕೊಂಡದ್ದು ಇದಕ್ಕೇ. ಈಗ ನನ್ನ ಯಂತ್ರದಲ್ಲೂ ನಿನ್ನ ಒಳಯಂತ್ರ, ಗಿರಾಕಿಗಳ ಕಡೆಯ ಯಂತ್ರದಲ್ಲೂ ಅದೇ. ಬೆಳಗ್ಗೆ ತೆರೆದರೆ ನಿನ್ನ ಬಣ್ಣ, ನಿನ್ನ ಅಕ್ಷರದ ಗಾತ್ರ, ನೀನು ಆಜ್ಞೆಗಳಿಗೆಲ್ಲ ಇಟ್ಟ ಅಡ್ಡಹೆಸರು. ಬಿಲ್ಡ್‌ಗೆ ‘ಹೂಂ’ ಎಂದು ಹೆಸರಿಟ್ಟಿದ್ದೀಯಲ್ಲ, ಅದನ್ನು ಹುಡುಕಲು ಅರ್ಧ ದಿನ ಹೋಯಿತು. ಹುಟ್ಟಿದಾಗಿನಿಂದ ನಿನ್ನ ಹಳೇ ಅಂಗಿ ಹಾಕಿಕೊಂಡು ಬೆಳೆದವಳು ನಾನು. ಈಗ ಇದೂ.

ಈಗ ನಾನೂ ‘ಹೂಂ’ ಎಂದು ಹೊಡೆದು ಕಾಗದ ತೆಗೆದುಕೊಳ್ಳುತ್ತೇನೆ. ಕಿಟಕಿಯ ಹೊರಗೆ ನೀನು ಹೇಳುತ್ತಿದ್ದ ಆ ಬೀಗ ರಿಪೇರಿಯವನನ್ನು ಇವತ್ತೇ ಸರಿಯಾಗಿ ನೋಡಿದ್ದು. ನಿನಗೆ ಗೊತ್ತಾ, ಅವನಿಗೆ ಮದುವೆಯಾಯಿತು. ಹೆಂಡತಿ ಊಟ ತಂದುಕೊಟ್ಟು ಅವನು ತಿನ್ನುವವರೆಗೂ ಅಂಗಡಿಯಲ್ಲಿ ಗಿರಾಕಿ ನೋಡಿಕೊಳ್ಳುತ್ತಾಳೆ. ಅವನಿಗಿಂತ ಜೋರು.

ನಿನ್ನ ಹಳೇ ಅಂಗಿಯಲ್ಲಿರುವ
ಗುಬ್ಬಿ


ಫೆಬ್ರವರಿ ೨೬

ನನ್ನ ಗುಬ್ಬೀ,

ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ. ಬೆಕ್ಕಿನ ಮೀಸೆ ಎಷ್ಟು ಚೆಂದ ಬಂದಿದೆ! ನಿಮ್ಮ ಭಾವ ಕೇಳಿದ್ದಕ್ಕೂ ಕೇಳದ್ದಕ್ಕೂ ಕಾಲು ಚಾಚಿ ತೋರಿಸಿದ್ದೇನೆ. ಬಾಗಿಲಿಗೆ ಬಂದ ಕೊರಿಯರ್‌ನವನಿಗೂ ತೋರಿಸಿದೆ. ಪಾಪ, ಅವನು ಸಹಿ ಹಾಕಿಸಿಕೊಳ್ಳಲು ಬಂದಿದ್ದ.

ನಿನಗೆ ಬೇಜಾರಾಗಿರುತ್ತದೆ. ಗೊತ್ತು. ಆಗಲಿ ಬಿಡು, ಸ್ವಲ್ಪ ದಿನ. ನಿನ್ನ ಯಂತ್ರ ಹೋಯಿತೆಂದು ಓದಿದಾಗ ಅಯ್ಯೋ ಎನಿಸಬೇಕಿತ್ತು. ಎನಿಸಲಿಲ್ಲ. ಒಳಗೆಲ್ಲೋ ತಣ್ಣಗಾಯಿತು. ಇದನ್ನು ಬರೆಯಬಾರದು, ಆದರೂ ಬರೆದಿದ್ದೇನೆ. ಅಳಿಸುವುದಿಲ್ಲ.

ಅದಕ್ಕಿಂತ ದೊಡ್ಡ ಸಂತೋಷ ನಿನ್ನ ಕಾಗದ. ಎರಡು ಬದಿಯೂ ತುಂಬಿದ ಕಾಗದ! ಬೀಗದವನ ಹೆಂಡತಿಯ ವಿಷಯ ಓದಿ ನಾನೊಬ್ಬಳೇ ನಕ್ಕೆ. ಅವಳು ಅಂಗಡಿಯಲ್ಲಿ ಏನೇನು ಮಾತಾಡುತ್ತಾಳೆ? ಈ ಊರಿನಲ್ಲಿ ನನಗೆ ಹೀಗೆ ಹೇಳುವವರು ಯಾರೂ ಇಲ್ಲ. ಎದುರುಮನೆಯವರು ಕಸದ ಗಾಡಿ ಬಂತಾ ಎಂದು ಬಿಟ್ಟರೆ ಇನ್ನೇನೂ ಕೇಳುವುದಿಲ್ಲ. ಒಳಯಂತ್ರ ನಿನ್ನ ಕೈಯನ್ನು ನಿಧಾನ ಮಾಡಿದ್ದೇ ಒಳ್ಳೆಯದಾಯಿತು.

ಬರೆಯುತ್ತಿರು.

ಬೆಕ್ಕಿನ ಕಾಲಿನ
ಅಕ್ಕ


ಮಾರ್ಚ್ ೧೨

ಅಕ್ಕಾ,

ಹೂಂ ಹಾಕಿದ್ದೇನೆ. ಹೊತ್ತಿದೆ.

ಬೀಗದವನ ಹೆಂಡತಿ ನೆನ್ನೆ ಗಿರಾಕಿಯೊಬ್ಬನಿಗೆ, "ಬೀಗದ ಕೈ ಕಳ್ಕೊಂಡ್ರೆ ಮಾಡ್ಕೊಡ್ತೀವಿ, ಮನೆ ಕಳ್ಕೊಂಡೋರಿಗೆ ನಾವೇನ್ ಮಾಡೋಣ?" ಎನ್ನುತ್ತಿದ್ದಳು. ಅವನಿಗೆ ಮನೆಯ ವಿಳಾಸವೇ ಸರಿಯಾಗಿ ಗೊತ್ತಿರಲಿಲ್ಲವಂತೆ. ಹೊಸ ಬಾಡಿಗೆದಾರ.

ಇಲ್ಲಿ ಬೆಂಚು ಸಾಲುತ್ತಿಲ್ಲ. ಮುಂಚೆ ಗಿರಾಕಿಗಳು ಕೂತು ಒಂದು ಮಾತಾಡುವಷ್ಟರಲ್ಲಿ ಫೋಟೋ ಒಳಗೆ ಹೋಗಿ, ದಾರಿ ಸಿಕ್ಕಿ ಹೆಣಿಗೆಯ ಯಂತ್ರ ಶುರುವಾಗುತ್ತಿತ್ತು. ಈಗ ಕಾಯುತ್ತಾರೆ, ಎದ್ದು ಗಾಜಿಗೆ ಮೂಗು ಒತ್ತುತ್ತಾರೆ, ಮತ್ತೆ ಕೂರುತ್ತಾರೆ. ಒಬ್ಬರು ನಾಯಿಯ ಫೋಟೋ ವಾಪಸ್ ತೆಗೆದುಕೊಂಡು ಎದ್ದೇಹೋದರು. ಕೌಂಟರಿನ ಅಮ್ಮ ನನ್ನ ಮುಖ ಕಂಡರೆ ಸಾಕು, "ಏನಮ್ಮಾ, ನಿಮ್ಮಕ್ಕ ಇದ್ದಾಗ ಹೀಗಿರ್ಲಿಲ್ಲ" ಎನ್ನುತ್ತಾರೆ. ನಾನು ನಿನ್ನ ಹಾಗೆ ನೋಡಿಕೊಳ್ಳುತ್ತಿಲ್ಲ, ಅದಕ್ಕೇ ಹೀಗಾಗಿದೆ ಎಂದು ಮೇಷ್ಟ್ರಿಗೂ ಅನಿಸಿದೆ. ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡಕ ಹಣೆಗೇರಿಸಿಕೊಂಡು ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಾರೆ.

ಈ ತಿಂಗಳ ಕೊನೆಗೆ ನನ್ನ ನೇಮಕ ಖಾಯಂ ಆಗಬೇಕಿತ್ತು. ಮುಂದಿನ ತಿಂಗಳು ನೋಡೋಣ ಎಂದಿದ್ದಾರೆ.

ನಿನಗೆ ದೂರು ಹೇಳುತ್ತಿಲ್ಲ. ನೀನು ಕೇಳಿದ್ದಕ್ಕೆ ಬರೆದೆ. ಇನ್ನೂ ಮುಗಿದಿಲ್ಲ ಈ ಬಿಲ್ಡ್. ನಿನಗೆ ನೆನಪಿದೆಯಾ, ಅಮ್ಮ ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಹಾಕಿಕೊಟ್ಟರೆ ನಡುವೆ ಬೆರಳಿನಿಂದ ಗೆರೆ ಎಳೆಯುತ್ತಿದ್ದೆ ನೀನು. ಗೆರೆ ಯಾವಾಗಲೂ ನನ್ನ ಕಡೆಗೇ ಸ್ವಲ್ಪ ಸರಿದಿರುತ್ತಿತ್ತು.

ಗುಬ್ಬಿ


ಮಾರ್ಚ್ ೨೫

ಗುಬ್ಬೀ,

ಇದನ್ನು ನಿಧಾನವಾಗಿ ಓದು.

ಮೊನ್ನೆ ಬೆಳಗ್ಗೆ ನಿಮ್ಮ ಭಾವ ಚಿತ್ರ ಹಾಕಿ ಹೋದರು. ನಾನು ಒಲೆಯ ಮೇಲೆ ಹಾಲಿಟ್ಟು, ನೂಲಿನ ದಾರಿಯನ್ನು ಒಳಯಂತ್ರದಲ್ಲಿ ಓಡಿಸಿ, ಇದು ಮುಗಿಯುವುದಕ್ಕೆ ಮೊದಲು ಹಾಲು ಕಾಯುವುದಿಲ್ಲ ಎಂದು ಧೈರ್ಯವಾಗಿ ಕೂತಿದ್ದೆ. ಹಾಲು ಉಕ್ಕಿ ಒಲೆ ಆರಿ, ವಾಸನೆ ಇಲ್ಲಿಯವರೆಗೂ ಬಂತು. ಓಡಿಹೋಗಿ ಒರೆಸಿ ಬಂದು ನೋಡಿದರೆ, ದಾರಿ ಹುಡುಕಿ ಮುಗಿದಿದೆ. ಹಿಡಿದ ಹೊತ್ತು ಎಂದು ಅದು ತೋರಿಸಿದ್ದು ಮಾತ್ರ ಅದೇ ಚೂರು ಹೊತ್ತು. ಅಷ್ಟರಲ್ಲಿ ಯಾವ ಹಾಲೂ ಉಕ್ಕುವುದಿಲ್ಲ.

ಗೋಡೆಯ ಗಡಿಯಾರ ನೋಡಿದೆ, ಒಳಯಂತ್ರದ ಗಡಿಯಾರ ನೋಡಿದೆ. ಒಳಗಿನದು ಹಿಂದೆ ಬಿದ್ದಿತ್ತು. ಕೂತು ಯೋಚಿಸಿದಾಗ ತಿಳಿಯಿತು. ಹೊರಗಿನ ಸಿಸ್ಟಮ್ ಭಾವನ ಚಿತ್ರಕ್ಕೆ ದುಡಿಯುವಾಗ ನನ್ನ ಒಳಯಂತ್ರವನ್ನು ನಿಲ್ಲಿಸಿ ನಿಲ್ಲಿಸಿ ಓಡಿಸುತ್ತದೆ. ನಿಂತಾಗ ಅದರ ಗಡಿಯಾರವೂ ನಿಲ್ಲುತ್ತದೆ. ನಿದ್ದೆ ಹೋದವಳನ್ನು ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದ ಹಾಗಾಯಿತು ನಾನು ಅಳೆದದ್ದು. ನೆನ್ನೆ ಭಾವ ಚಿತ್ರ ಹಾಕಲಿಲ್ಲ, ಗೋಡೆಯ ಗಡಿಯಾರ ನೋಡಿ ಎರಡನ್ನೂ ಅಳೆದೆ. ನಿನ್ನದೇ ಬೇಗ. ಅರ್ಧಕ್ಕರ್ಧ ಬೇಗ, ನೀನು ಹೇಳಿದ ಹಾಗೇ. ನಾನು ವಾರವಿಡೀ ತಿದ್ದಿದ್ದು ಲೆಕ್ಕಕ್ಕೇ ಬರಲಿಲ್ಲ.

ಅಂದರೆ ನಾನು ಗೆದ್ದೇ ಇರಲಿಲ್ಲ. ಆ ಸುಳ್ಳು ಅಂಕಿಯಿಂದ ನಿನ್ನ ದಾರಿ ಹೋಯಿತು, ನಿನ್ನ ಯಂತ್ರ ಹೋಯಿತು, ಈಗ ನೇಮಕಕ್ಕೂ ಕಲ್ಲು ಬಿತ್ತು.

ಗೊತ್ತಾದ ತಕ್ಷಣ ಮೇಷ್ಟ್ರಿಗೆ ಬರೆದೆ ಎಂದರೆ ಸುಳ್ಳಾಗುತ್ತದೆ. ಮೊನ್ನೆಯಿಂದ ಸುಮ್ಮನಿದ್ದೆ. ಹೇಳಿದರೆ ನನ್ನ ನೂಲಿನ ದಾರಿ ತೆಗೆದುಹಾಕುತ್ತಾರೆ, ಅಲ್ಲಿ ನನ್ನದೆಂದು ಏನೂ ಉಳಿಯುವುದಿಲ್ಲ. ಅದನ್ನಾದರೂ ನುಂಗಿಕೊಂಡೇನು. ನಿನಗೆ ಯಂತ್ರ ವಾಪಸ್ ಬರುತ್ತದೆ, ಬಿಲ್ಡ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ, ನಿನ್ನ ಕಾಗದ ಮತ್ತೆ ನಾಲ್ಕು ಸಾಲಿಗೆ ಇಳಿಯುತ್ತದೆ. ಇದನ್ನು ನುಂಗಲು ಆಗಲಿಲ್ಲ. ಮೊದಲು ನಿನ್ನ ಯಂತ್ರ ಕಂಡು ಹೊಟ್ಟೆ ಉರಿಯಿತು, ಈಗ ನಿನ್ನನ್ನು ಬೇಗ ಬಿಡುಗಡೆ ಮಾಡುವ ಆ ಬಿಲ್ಡ್ ಮೇಲೆ ಉರಿಯುತ್ತಿದೆ. ಹುಚ್ಚಲ್ಲವಾ?

ಇವತ್ತು ಬೆಳಗ್ಗೆ ಮೇಷ್ಟ್ರಿಗೆ ಎಲ್ಲ ಬರೆದು ಕಳಿಸಿದೆ. ಕಾಲುಚೀಲ ಒಗೆದು ಒಣಗಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನನಗೆ ಸೇರಿದ್ದಲ್ಲ.

ಒಂದು ಮಾತು ಕೇಳಬೇಕು. ಭಾವ ಚಿತ್ರ ಹಾಕಿ ಹೋಗಿದ್ದರು, ಫ್ಯಾನು ಕೂಗುತ್ತಿತ್ತು ಎಂದು ನಾನೇ ನಿನಗೆ ಬರೆದಿದ್ದೆ. ನೀನು ನನಗಿಂತ ಚುರುಕು. ನಿನಗೆ ಮೊದಲೇ ಗೊತ್ತಿತ್ತಾ?

ಅಕ್ಕ


ಏಪ್ರಿಲ್ ೧೦

ಅಕ್ಕಾ,

ಗೊತ್ತಿತ್ತು.

ನಿನ್ನ ಒಳಯಂತ್ರ ಇಲ್ಲಿಗೆ ಬಂದು, ಬೇರೆ ಯಾವ ಭಾರವೂ ಇಲ್ಲದ ನನ್ನ ಯಂತ್ರದಲ್ಲಿ ನಿಧಾನವಾಗಿ ಓಡಿದ ದಿನವೇ ನಿನ್ನ ಕಾಗದವನ್ನು ಮತ್ತೆ ಓದಿದೆ. ಫ್ಯಾನಿನ ವಿಷಯ ಬಂದಲ್ಲಿಯೇ ಗೊತ್ತಾಯಿತು. ಮೇಷ್ಟ್ರ ಕೋಣೆಯ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ಅಕ್ಕನ ಮಾನ ಉಳಿಸಲು ಸುಮ್ಮನಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗಲ್ಲ. ಇಲ್ಲಿ ಎಲ್ಲರ ಬಾಯಲ್ಲೂ ನಿಮ್ಮಕ್ಕ, ನಿಮ್ಮಕ್ಕ. ಕುರ್ಚಿ ನಿನ್ನದು, ಕಿಟಕಿ ನಿನ್ನದು, ಯಂತ್ರದಲ್ಲಿ ‘ಹೂಂ’ ಎನ್ನುವುದೂ ನಿನ್ನದು. ನಿನ್ನ ಗೆಲುವು ಸುಳ್ಳು ಎನ್ನುವುದೊಂದು ಮಾತ್ರ ನನ್ನದಾಗಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನೀನು ಕೊರಿಯರ್‌ನವನಿಗೆ ಕಾಲು ತೋರಿಸಿದ್ದನ್ನು ಓದಿ ನಕ್ಕಿದ್ದೆ, ಒಳ್ಳೆಯ ನಗುವಲ್ಲ ಅದು. ನೇಮಕ ಮುಂದೆ ಹೋದಾಗಲೂ ಬಾಯಿಬಿಡಲಿಲ್ಲ. ಹೊಟ್ಟೆಕಿಚ್ಚು ನಿನ್ನೊಬ್ಬಳ ಆಸ್ತಿ ಅಂದುಕೊಂಡಿದ್ದೀಯಾ? ಆ ತಟ್ಟೆಯಲ್ಲಿ ನನಗೂ ಒಂದು ಪಾಲಿತ್ತು.

ಮೇಷ್ಟ್ರು ನಿನ್ನ ಕಾಗದ ಓದಿ ಮೊದಲು ತಮ್ಮನ್ನೇ ಬೈದುಕೊಂಡರು. ಆಮೇಲೆ ಯಂತ್ರಗಳನ್ನೆಲ್ಲ ಮತ್ತೆ ನೇರ ಮಾಡಿಸಿದರು. ಅವರೂ ನಾನೂ ಕೂತು ನಿನ್ನದನ್ನೂ ನನ್ನದನ್ನೂ ನೇರವಾಗಿ ಒಮ್ಮೆ, ಒಳಯಂತ್ರದಲ್ಲಿ ಒಮ್ಮೆ ಓಡಿಸಿದೆವು. ಈ ಸಲ ಅವರ ಕೈಗಡಿಯಾರ ನೋಡಿಕೊಂಡು. ಬರೀ ದಾರಿ ಹುಡುಕುವ ಲೆಕ್ಕದಲ್ಲಿ ಒಳಯಂತ್ರ ಹೆಚ್ಚೇನೂ ಹಿಂದೆ ಬೀಳುವುದಿಲ್ಲ. ಸಾವಿರಾರು ಫೈಲು ತೆರೆಯುವ ಬಿಲ್ಡ್‌ನಲ್ಲಿ, ಗಿರಾಕಿಗಳ ಫೋಟೋ ಒಳಗೆ ತರುವಲ್ಲಿ ಅದು ಏದುಸಿರು ಬಿಡುವುದು. ಆದ್ದರಿಂದ ನೂಲಿನ ದಾರಿಯ ವಿಷಯದಲ್ಲಿ ಒಳಯಂತ್ರವನ್ನು ಬೈಯಬೇಡ ಅಕ್ಕಾ. ನನ್ನದು ನಿಜವಾಗಿಯೂ ಚೆನ್ನಾಗಿದೆ. ಇದನ್ನು ನಿನಗೆ ಹೇಳಬೇಕೆಂದು ಎಷ್ಟು ದಿನದಿಂದ ಕಾದಿದ್ದೆ ಗೊತ್ತಾ?

ಒಂದು ಕಡೆ ಬಿಟ್ಟು. ಹಿಮ್ಮಡಿಯ ತಿರುವಿನಲ್ಲಿ ನನ್ನದು ತಡಕಾಡುತ್ತದೆ, ನಿನ್ನದು ಸಲೀಸಾಗಿ ತಿರುಗುತ್ತದೆ. ಎಷ್ಟು ತಿದ್ದಿದರೂ ಅಲ್ಲಿ ನಿನ್ನನ್ನು ಮೀರಲು ಆಗಲಿಲ್ಲ, ತುಂಬಾ ಸಿಟ್ಟು ಬಂತು. ಆ ಭಾಗವನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಹೊಸ ದಾರಿಯ ಮೊದಲ ಜೋಡಿ ನೆನ್ನೆ ಬಂತು. ಕೆಂಪಿನ ಮೇಲೆ ಗುಬ್ಬಿ. ಹಿಮ್ಮಡಿ ನಿನ್ನದು, ಉಳಿದದ್ದು ನನ್ನದು. ಯಾರಿಗೆ ಸೇರಬೇಕು ಎಂದು ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡರು. ನಾನೇ ತೀರ್ಮಾನ ಮಾಡಿದೆ. ಒಂದನ್ನು ಇಟ್ಟುಕೊಂಡು ಒಂದನ್ನು ನಿನಗೆ ಕಳಿಸಿದ್ದೇನೆ.

ಬಿಲ್ಡ್ ಯಾವಾಗಲೋ ಮುಗಿದಿದೆ. ಎದ್ದುಹೋಗಿ ನೋಡಿಬಂದೆ, ತಪ್ಪೇನೂ ಇರಲಿಲ್ಲ. ಮತ್ತೆ ಕೂತು ಬರೆಯುತ್ತಿದ್ದೇನೆ. ಬೀಗದವನ ಹೆಂಡತಿ ನಾಳೆಯಿಂದ ತಾನೇ ಬೀಗ ಬಿಚ್ಚಲು ಕಲಿಯುತ್ತಾಳಂತೆ. ಅವನ ಮುಖ ನೋಡಬೇಕಿತ್ತು ನೀನು, ಥೇಟ್ ನಿನ್ನ ಹಾಗೇ ಊದಿಕೊಂಡಿತ್ತು.

ನಿನ್ನ
ಗುಬ್ಬಿ


ಏಪ್ರಿಲ್ ೧೯

ಗುಬ್ಬೀ,

ಕಾಲುಚೀಲ ಸಿಕ್ಕಿತು. ಆಗಲೇ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ. ಹಿಮ್ಮಡಿಯ ಹತ್ತಿರ ಬಹಳ ಚೆನ್ನಾಗಿ ಕೂರುತ್ತದೆ. ಉಳಿದದ್ದು ಪರವಾಗಿಲ್ಲ.

ಸುಳ್ಳು. ಎಲ್ಲವೂ ಚೆನ್ನಾಗಿದೆ, ಹಾಳಾದ್ದು.

ನಿನ್ನ ಕಾಗದವನ್ನು ಓದುವಾಗ ಸಿಟ್ಟು ಬಂತು, ಆಮೇಲೆ ಹೋಯಿತು, ಮತ್ತೆ ಬಂತು. ಈಗ ಎಲ್ಲಿದೆಯೋ ಹುಡುಕುತ್ತಿದ್ದೇನೆ. ಕಂಪ್ಯೂಟರ್ ಆಫ್ ಮಾಡಿದ್ದೇನೆ. ಯಾವ ಬಿಲ್ಡೂ ಓಡುತ್ತಿಲ್ಲ.

ಇಲ್ಲಿಯ ನೆಲ ಏಪ್ರಿಲ್‌ನಲ್ಲೂ ತಣ್ಣಗಿದೆ. ಒಂದು ಕಾಲು ಬೆಚ್ಚಗಿದೆ, ಇನ್ನೊಂದಕ್ಕೆ ಚಳಿ. ಆ ಇನ್ನೊಂದನ್ನು ಪಾರ್ಸೆಲ್ ಮಾಡಬೇಡ. ಹಾಕಿಕೊಂಡು ಬಾ.

ಅಕ್ಕ